ಸುರಂಗ ಬಾವಿಯ ನೀರಿನ ದಿಕ್ಕು ತೋರಿಸಿದವರಿಗೆ

ಬೀದರಿನ ಕರೇಜನ್ನು, ಅಂದರೆ ನೆಲದಡಿಯ ಸುರಂಗದಲ್ಲಿ ನೀರು ಹರಿಸುವ ಹಳೆಯ ವ್ಯವಸ್ಥೆಯನ್ನು, ನಗರಗಳನ್ನು ಕಟ್ಟಿ ಬೆಳೆಸುವ ‘ಸಿವಿಲೈಸೇಷನ್ 6’ ಎಂಬ ಕಂಪ್ಯೂಟರ್ ಆಟದೊಳಗೆ ತರುವ ನಮ್ಮ ಹೆಚ್ಚುವರಿ ಭಾಗದ, ಅಂದರೆ ಮಾಡ್‌ನ ಪೂರ್ಣ ಆವೃತ್ತಿ ಎರಡೂವರೆ ವರ್ಷಗಳ ದುಡಿಮೆಯ ನಂತರ ಕಳೆದ ವಾರ ಹೊರಬಂದಿತು. ಇದಕ್ಕೆ ಕೈಜೋಡಿಸಿದವರಿಗೆ ನಾನು ಮನಸಾರೆ ಋಣಿ. ಯಾರಿಂದ ಏನು ಸರಿಹೋಯಿತು ಎಂಬುದನ್ನು ಬಿಡಿಸಿ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ಮೂಲ ಆಟದಲ್ಲಿ ಸಿಹಿನೀರಿರುವ ನಗರಕ್ಕೆ 5 ವಸತಿ ಅಂಕಗಳು (ಅಲ್ಲಿ ಎಷ್ಟು ಜನ ನೆಲೆಸಬಹುದೆಂಬ ಅಳತೆ), ಸಮುದ್ರದಂಚಿನ ನಗರಕ್ಕೆ 3, ನೀರೇ ಇಲ್ಲದ ನಗರಕ್ಕೆ 2. ಅಕ್ವಡಕ್ಟ್ ಎಂಬ ನೀರುಗಾಲುವೆ ಕಟ್ಟಿದರೆ ಆ 2 ಎಂಬುದು 6ಕ್ಕೆ ಏರುತ್ತದೆ. ಆದರೆ ಅದು ಒಂದು ಬದಿಯಲ್ಲಿ ನಗರಕೇಂದ್ರಕ್ಕೂ ಇನ್ನೊಂದು ಬದಿಯಲ್ಲಿ ನದಿ, ಕೆರೆ, ಓಯಸಿಸ್ ಅಥವಾ ಪರ್ವತಕ್ಕೂ ತಾಗಿರಲೇಬೇಕು. ನಮ್ಮೂರು ಈ ನಿಯಮಕ್ಕೆ ಒಗ್ಗುವುದಿಲ್ಲ. ಇಲ್ಲಿ ಮಳೆನೀರು ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗಿ ಕೆಳಗಿನ ಕಪ್ಪು ಬಂಡೆಯ ಮೇಲೆ ತಡೆದು ನಿಲ್ಲುತ್ತದೆ. ಬಹಮನಿಗಳ ಕಾಲದಲ್ಲಿ ಸುರಂಗ ತೋಡಿ, ನಡುನಡುವೆ ಬಾವಿಯಂಥ ಕಿಂಡಿಗಳನ್ನು ತೆಗೆದು, ಆ ನೀರನ್ನು ಇಳಿಜಾರಿನಲ್ಲಿ ಊರಿನ ಕಡೆಗೆ ಹರಿಸಿದರು.

ಮೊದಲ ಆವೃತ್ತಿಯಲ್ಲಿ ಇಳಿಜಾರು, ಕಲ್ಲಿನ ಆಳ, ಮಳೆಗಾಲ, ಕಿಂಡಿಗಳ ಸಂಖ್ಯೆ, ಸುರಂಗದ ಉದ್ದ ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಿದ್ದೆವು. ಆಟದ ನಕಾಶೆಯ ಒಂದು ಅಂಕಣದ ಮೇಲೆ ಮೌಸ್ ಇಟ್ಟರೆ ಹನ್ನೊಂದು ಸಾಲಿನ ವಿವರ ತೆರೆದುಕೊಳ್ಳುತ್ತಿತ್ತು. ಬೀದರಿನ ಪಕ್ಕದ ನೌಬಾದಿನ ಕಡೆ ಹೊಲವಿರುವ ನಮ್ಮ ಕಾಕಾ ಅದನ್ನು ನೋಡಿ, “ಇಷ್ಟೆಲ್ಲಾ ಬರ್ದೀರಿ, ನೀರು ಯಾ ಕಡೆ ಹೊಂಟದ ಅಂತ ಎಲ್ಲಿ ಕಾಣ್ತದ?” ಎಂದು ಕೇಳಿದರು. ಮರುದಿನ ಅವರೇ ನನ್ನನ್ನು ಒಂದು ಕಿಂಡಿಯ ಬಳಿಗೆ ಕರೆದೊಯ್ದು ಬೇವಿನ ಎಲೆಯೊಂದನ್ನು ಕೆಳಗೆ ಬಿಟ್ಟರು. ಅದು ನೀರಿಗೆ ಬಿದ್ದು, ಕ್ಷಣ ನಿಂತು, ಮೆಲ್ಲಗೆ ಒಂದು ಕಡೆಗೆ ಸರಿದು ಕತ್ತಲೆಯಲ್ಲಿ ಮರೆಯಾಯಿತು. ನಕಾಶೆಯ ಮೇಲೆ ಬರೆದು ತೋರಿಸಲಾಗದ ಆಳ ಮತ್ತು ಮಳೆಗಾಲದ ಲೆಕ್ಕಗಳನ್ನು ಆ ವಾರವೇ ಕೈಬಿಟ್ಟು, ನೀರು ಹರಿಯುವ ದಿಕ್ಕಿಗೆ ತೆಳುವಾದ ನೀಲಿ ಗೆರೆಯೊಂದನ್ನು ಎಳೆದೆವು. ಕಾಕಾ, ಆ ಗೆರೆ ನಿಮ್ಮದು.

ಕಲಬುರಗಿಯ ಗೆಳೆಯರ ಉಪಕಾರ ಇದಕ್ಕಿಂತ ಕಠಿಣವಾದದ್ದು. ಆಟಗಾರರಿಗೆ ಸುಲಭವಾಗಲೆಂದು ಅತ್ಯುತ್ತಮ ಜಾಗಕ್ಕೆ ನಾವು ಹಸಿರು ಬಣ್ಣ ಕೊಟ್ಟಿದ್ದೆವು; ಅವರು ಹಲವು ರಾತ್ರಿ ಕೂತು ಆಡಿ, ಪ್ರತಿಯೊಬ್ಬರೂ ಕಣ್ಣುಮುಚ್ಚಿ ಹಸಿರನ್ನೇ ಒತ್ತುತ್ತಿದ್ದುದರಿಂದ ಎಲ್ಲರ ಕರೇಜೂ ಒಂದೇ ತೆರನಾಗುತ್ತಿದೆ ಎಂದು ನಿಷ್ಠುರವಾಗಿ ಹೇಳಿದರು. ಬಹಳ ಇಷ್ಟಪಟ್ಟು ಮಾಡಿದ ಕೆಲಸವಾದ್ದರಿಂದ ನನಗೆ ನೋವಾಯಿತು, ಆದರೆ ಅವರ ಮಾತೇ ಸರಿ. ಈಗ ಪರದೆಯು ಇಳಿಜಾರನ್ನೂ ಖರ್ಚನ್ನೂ ತೋರಿಸುತ್ತದೆ. ಉದ್ದ ಸುರಂಗಕ್ಕೆ ಹೆಚ್ಚು ಉತ್ಪಾದನೆ (ಆಟದಲ್ಲಿ ಕಟ್ಟಲು ಬೇಕಾದ ದುಡಿಮೆಯ ಅಂಕ) ಸುರಿಯಬೇಕೋ, ಗಿಡ್ಡ ಸುರಂಗದಲ್ಲೇ ತೃಪ್ತಿಪಡಬೇಕೋ ಎಂಬ ನಿರ್ಧಾರ ಆಡುವವರಿಗೇ ಬಿಟ್ಟದ್ದು.

ಪರದೆ 4 ವಸತಿ ಅಂಕ ಎಂದು ತೋರಿಸಿ ನಗರಕ್ಕೆ 3 ಅಂಕವಷ್ಟೇ ಸಿಕ್ಕ ಚಿತ್ರಗಳನ್ನು ದಿನಾಂಕ ಸಹಿತ ಕಳಿಸಿದ ಯಾದಗಿರಿಯ ವಿದ್ಯಾರ್ಥಿನಿಗೆ ವಿಶೇಷ ವಂದನೆ. ಈ ಆಟದಲ್ಲಿ ಪರದೆಯನ್ನು ನಡೆಸುವ, ಲುವಾ ಎಂಬ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್ (ಕೋಡ್) ಬೇರೆ, ನಿಯಮಗಳ ಸ್ಕ್ರಿಪ್ಟ್ ಬೇರೆಯಾಗಿ ಓಡುತ್ತವೆ. ನಾವು ಒಂದೇ ಲೆಕ್ಕವನ್ನು ಎರಡೂ ಕಡೆ ಬರೆದು, ಒಂದನ್ನು ತಿದ್ದಿ ಇನ್ನೊಂದನ್ನು ಮರೆತಿದ್ದೆವು. ಈಗ ಲೆಕ್ಕ ನಿಯಮಗಳ ಕಡೆ ಮಾತ್ರ ನಡೆಯುತ್ತದೆ, ಪರದೆ ಅದನ್ನು ಕೇಳಿ ತೋರಿಸುತ್ತದೆ.

ಮನೆಯಲ್ಲಿ ನಾನು ರಾತ್ರಿ ಎಷ್ಟು ಹೊತ್ತು ಕೂತಿದ್ದರೂ ಅವ್ವ ಎದ್ದು ರೊಟ್ಟಿ ಬಿಸಿ ಮಾಡಿಕೊಟ್ಟಳು. ಅವಳ ಹೆಸರನ್ನು ಮಾಡ್‌ನ ಕೃತಜ್ಞತೆಯ ಪಟ್ಟಿಯಲ್ಲಿ ಕಾಕಾನ ಹೆಸರಿಗಿಂತ ಮೊದಲು ಹಾಕಿದ್ದೇನೆ.