ಅಪ್ಪನ ಮಾತು ತಂದುಕೊಟ್ಟವರಿಗೆ

ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಮೊನ್ನೆಗೆ ಹನ್ನೊಂದು ತಿಂಗಳು. ಪೆಟ್ಟು ಬಿದ್ದದ್ದು ಮಿದುಳಿನ ಎಡಭಾಗಕ್ಕೆ. ಬಲಗೈ, ಬಲಗಾಲು ನಿಧಾನಕ್ಕೆ ಸುಧಾರಿಸಿದವು, ಮಾತು ಮಾತ್ರ ಹೋಗಿಬಿಟ್ಟಿತ್ತು. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು. ನೀರು ಕೇಳುವುದಕ್ಕೂ ಪದ ಸಿಗದೆ ಕಣ್ಣು ತುಂಬಿಕೊಳ್ಳುತ್ತಿದ್ದರು. ಹೋದ ವಾರ ಅಮ್ಮನನ್ನು ಹೆಸರು ಹಿಡಿದು ಕರೆದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಹಾಸನದ ಸ್ಪೀಚ್ ಥೆರಪಿಸ್ಟ್ ಮೇಡಂಗೆ. "ಮೊದಲೆಲ್ಲ ಹಾಡ್ತಿದ್ರಾ ಇವರು?" ಅಂತ ಕೇಳಿದ್ದು ಅವರೊಬ್ಬರೇ. ಮಾತಿನ ಕೇಂದ್ರ ಹೆಚ್ಚಿನವರಿಗೆ ಎಡ ಮಿದುಳಿನಲ್ಲಿರುತ್ತದೆ, ರಾಗಕ್ಕೆ ಬಲಭಾಗವೂ ಕೈಜೋಡಿಸುತ್ತದೆ. ಹಾಗಾಗಿ ಮಾತು ನಿಂತವರಿಗೂ ಎಷ್ಟೋ ಸಲ ಹಾಡಿನ ಪದ ಬರುತ್ತದೆ, 1970ರ ದಶಕದಿಂದಲೂ ಈ ದಾರಿಯಲ್ಲಿ ಮಾತು ಕಲಿಸುತ್ತಿದ್ದಾರೆ ಎಂದು ಅಮ್ಮನಿಗೆ ಬಿಡಿಸಿ ಹೇಳಿದರು. ಸಾಲು ಹಾಡಿ, ಕೊನೆಯ ಪದದ ಹತ್ತಿರ ನಿಲ್ಲಿಸಿ, ಅಪ್ಪನ ಮುಖ ನೋಡುತ್ತ ಕಾಯುತ್ತಿದ್ದರು. ಎಷ್ಟು ಹೊತ್ತಾದರೂ ಕಾಯುತ್ತಿದ್ದರು.

ಅಪ್ಪ ಹಾಡುತ್ತಿದ್ದದ್ದು ನಮ್ಮ ಓಮ್ನಿಯಲ್ಲಿ, ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗುವಾಗ. ಚಿಕ್ಕಮಗಳೂರು ಬಿಟ್ಟು ವಸ್ತಾರೆ ಬರುವಷ್ಟರಲ್ಲಿ 'ನಿತ್ಯೋತ್ಸವ' ಶುರುವಾಗುತ್ತಿತ್ತು. 1978ರಲ್ಲಿ ಬಂದ, ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ; ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ. ಕೊಟ್ಟಿಗೆಹಾರದಲ್ಲಿ ನೀರುದೋಸೆ. ಆಮೇಲೆ ಚಾರ್ಮಾಡಿಯ ತಿರುವುಗಳು, ವಾಂತಿ ಬಾರದಿರಲೆಂದು ನನಗೂ ತಮ್ಮನಿಗೂ ಮೂಸಲು ಒಂದೊಂದು ನಿಂಬೆಹಣ್ಣು. ಒಂದು ಮಳೆಗಾಲ ಘಾಟಿಯ ನಡುವೆ ಪ್ಲೇಯರ್ ಟೇಪನ್ನು ನುಂಗಿಬಿಟ್ಟಿತು. ಅಮ್ಮ ಮೆಲ್ಲಗೆ ಎಳೆದು, ಸುಕ್ಕನ್ನು ಉಗುರಿನಿಂದ ಸವರಿ, ಪೆನ್ಸಿಲ್ ತೂರಿಸಿ ಸುತ್ತಿದರು. ಅವತ್ತಿನಿಂದ ಪಲ್ಲವಿಯ ಒಂದು ಕಡೆ 'ತಾಯಿ' ಅನ್ನುವಲ್ಲಿ ದನಿ ಮುಳುಗಿ ಹೋಗುತ್ತಿತ್ತು. ಆ ಜಾಗ ಬಂದಾಗಲೆಲ್ಲ ಅಪ್ಪ ಸ್ಟೇರಿಂಗ್ ಹಿಡಿದೇ ಗಟ್ಟಿಯಾಗಿ "ತಾಯಿ" ಎಂದು ತುಂಬಿಸುತ್ತಿದ್ದರು. ಆ ಪದ ಹಾಡಿನದೋ ಅಪ್ಪನದೋ ಎಂದು ನನಗೆ ಬಹಳ ವರ್ಷ ಗೊತ್ತೇ ಇರಲಿಲ್ಲ.

ಆ ಕ್ಯಾಸೆಟ್ಟನ್ನು ಅಟ್ಟದ ಟ್ರಂಕಿನಲ್ಲಿ ಎಸೆಯದೆ ಇಟ್ಟುಕೊಂಡಿದ್ದ ಸೋದರತ್ತೆಗೆ ಎಷ್ಟು ಹೇಳಿದರೂ ಸಾಲದು. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಯ ಅಣ್ಣ ಐದು ಪುಟ್ಟ ಸ್ಕ್ರೂ ಬಿಚ್ಚಿ, ಸುರುಳಿಯನ್ನು ಬೇರೆ ಕ್ಯಾಸೆಟ್ಟಿನೊಳಗೆ ಕೂರಿಸಿ, ತಮ್ಮದೇ ಟೇಪ್ ರೆಕಾರ್ಡರನ್ನೂ ಕೈಗಿತ್ತು "ದುಡ್ಡು ಬೇಡಮ್ಮ, ಅಪ್ಪಾಜಿ ಹಾಡಲಿ" ಅಂದರು. ನಮ್ಮ ಬೀದಿಯ ಡ್ರೈವರ್ ಅಣ್ಣ ವಾರಕ್ಕೆರಡು ದಿನ ಬೇಲೂರಿನ ಮೇಲೆ ಹಾಸನಕ್ಕೆ ಕರೆದೊಯ್ದು, ಮುಗಿಯುವ ತನಕ ಕಾದು, ಅಪ್ಪನನ್ನು ತೋಳು ಹಿಡಿದು ಇಳಿಸಿದರು.

ಅಂಥದ್ದೇ ಒಂದು ಬೆಳಿಗ್ಗೆ, ಬೇಲೂರು ದಾಟಿದ ಮೇಲೆ, ಟೇಪ್ ರೆಕಾರ್ಡರ್ ನನ್ನ ತೊಡೆಯ ಮೇಲಿತ್ತು. ದನಿ ಮುಳುಗುವ ಜಾಗ ಬಂತು. ಮುಂದಿನ ಸೀಟಿನಿಂದ, ಒಡೆದ ಗಂಟಲಲ್ಲಿ, ರಾಗ ತಪ್ಪದೆ "ತಾಯಿ" ಕೇಳಿಸಿತು. ಡ್ರೈವರ್ ಅಣ್ಣ ಗಾಡಿಯನ್ನು ಪಕ್ಕಕ್ಕೆ ಹಾಕಿಬಿಟ್ಟರು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಉದ್ದದ ಮಾತು ಇನ್ನೂ ತಡವರಿಸುತ್ತದೆ. ಆದರೆ ನಿನ್ನೆ ಊಟಕ್ಕೆ ಕೂತಾಗ ತಾವಾಗಿಯೇ "ಚಾರ್ಮಾಡಿ" ಅಂದರು. ಮಳೆ ಕಡಿಮೆಯಾದ ಕೂಡಲೇ ಹೊರಡುತ್ತೇವೆ. ಅತ್ತೆಗೂ ಮುಂಚಿತವಾಗಿ ಹೇಳಿದ್ದೇನೆ, ನಿಂಬೆಹಣ್ಣು ನಾನೇ ತರುತ್ತೇನೆ.