ಗಿಡದಾಗಿನ ಗುಡಿ ಮುಗಿಯಿತು, ಎಲ್ಲರಿಗೂ ಶರಣು

ಹೋದ ಭಾನುವಾರ ಸಂಜೆ ಅಪ್ಪ ಎಡಗೈಯಿಂದ ಒಂದು ಸಣ್ಣ ಸ್ವಿಚ್ ಒತ್ತಿದರು. ಮೂರೂವರೆ ಅಡಿ ಎತ್ತರದ ಬೇವಿನ ಬೊಡ್ಡೆಯೊಳಗೆ 11 ದೀಪ ಒಟ್ಟಿಗೆ ಹತ್ತಿದವು. ಪಡಸಾಲೆಯಲ್ಲಿ ನಿಂತಿದ್ದ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಪಕ್ಕದ ಮನೆಯ ಕಾಕು, "ಯವ್ವಾ, ಗಿಡದಾಗ ಗುಡಿ ಅದ ನೋಡ್ರಿ" ಅಂದರು.

ಅಪ್ಪ ಮತ್ತು ನಾನು ಬೊಡ್ಡೆಯೊಳಗೆ ಮಾಡಿದ ಆ ಪುಟ್ಟ ಗುಡಿಗೆ ಎರಡು ವರ್ಷ ಹಿಡಿಯಿತು. ಎಷ್ಟು ಜನರ ಕೈ ಅದರಲ್ಲಿದೆ ಅಂತ ಅವತ್ತು ರಾತ್ರಿ ನೆನೆಸಿಕೊಳ್ಳುತ್ತಾ ಕೂತೆ. ನಿದ್ದೆ ಬರಲಿಲ್ಲ. ಎದುರಿಗೆ ಹೇಳಬೇಕಾದ್ದನ್ನು ಆ ಗದ್ದಲದಲ್ಲಿ ಹೇಳಲೂ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲಿಂದ ಹೇಳುತ್ತೇನೆ. ನಾನು ವಿಡಿಯೋ ಗೇಮ್‌ಗಳಿಗೆ ಹಿನ್ನೆಲೆ ಚಿತ್ರ ಬರೆಯುತ್ತೇನೆ. ಬೆಂಗಳೂರಿನಲ್ಲಿದ್ದೆ. ಅಪ್ಪನಿಗೆ ಲಕ್ವಾ ಹೊಡೆದು ಬಲಗಡೆ ಬಿದ್ದುಹೋಯಿತು ಅಂತ ಫೋನ್ ಬಂದಾಗ ರೂಮ್ ಖಾಲಿ ಮಾಡಿ ಕಲಬುರಗಿಗೆ ಬಂದೆ. ಅಪ್ಪ ಬಡಿಗತನ ಮಾಡಿದವರು. 40 ವರ್ಷ ಚೌಕಟ್ಟು, ಬಾಗಿಲು, ತೊಟ್ಟಿಲು ಮಾಡಿದ ಕೈ ಹಾಸಿಗೆ ಮೇಲೆ ಸುಮ್ನೆ ಬಿದ್ದಿರುತ್ತಿತ್ತು. ಅವರು ಅದನ್ನು ನೋಡುತ್ತಲೂ ಇರಲಿಲ್ಲ.

ಅದೇ ದಿನಗಳಲ್ಲಿ ನನಗೊಂದು ಕೆಲಸ ಬಂದಿತ್ತು. ಒಂದು ಫ್ಯಾಂಟಸಿ ಲೋಕ. ಅಲ್ಲಿ ಗುಡ್ಡದಷ್ಟು ದೊಡ್ಡ ಮರ. ಆ ಮರದೊಳಗೇ ಡ್ರೂಯಿಡ್‌ಗಳ, ಅಂದರೆ ಹಳೇ ಕಾಲದ ಕೆಲ್ಟಿಕ್ ಪೂಜಾರಿಗಳ ಗುಡಿ. ಕಟ್ಟಿದ ಗುಡಿ ಅಲ್ಲ, ಬೆಳೆಸಿದ್ದು ಅಂತ ಗೇಮ್‌ನವರು ಒತ್ತಿ ಹೇಳಿದ್ದರು. ನಾನು ಅಪ್ಪನ ಮಂಚದ ಪಕ್ಕ ಕೂತು ಬರೆದೆ. ಕಂಬ, ಕಮಾನು, ಮೆಟ್ಟಿಲು, ನಡುವೆ ಒಂದು ದೊಡ್ಡ ದೇವಿಯ ಮೂರ್ತಿ. ಚೆನ್ನಾಗಿ ಬಂದಿದೆ ಅಂದುಕೊಂಡೆ. ಅಪ್ಪನಿಗೆ ತೋರಿಸಿದೆ. ಆಗ ಅವರ ಮಾತು ಬಹಳ ತೊದಲುತ್ತಿತ್ತು, ಒಂದು ಸಾಲು ಹೇಳಲು ನಿಮಿಷಗಟ್ಟಲೆ ಬೇಕಾಗುತ್ತಿತ್ತು. ಆದರೂ ಹೇಳಿದರು: "ಇದು ಗಿಡ ಅಲ್ಲವ್ವ. ಗ್ವಾಡಿಗೆ ತೊಗಟಿ ಹಚ್ಚೀದಿ."

ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಗಿಡವೇ, ಅಲ್ವಾ. ಆ ಮಾತು ಕೇಳಿ ನನಗೆ ಅಳು ಬಂತು. ಚಿತ್ರ ತಪ್ಪಾಯಿತು ಅಂತಲ್ಲ. ಮೂರು ತಿಂಗಳಲ್ಲಿ ಅಪ್ಪ ಹೇಳಿದ ಮೊದಲ ಉದ್ದ ಮಾತು ಅದು.

ಮರುದಿನ ಗಾಲಿ ಕುರ್ಚಿಯಲ್ಲಿ ಅವರನ್ನು ಓಣಿಯ ತುದಿಯ ಬೇವಿನ ಗಿಡದ ಹತ್ತಿರ ಕರೆದುಕೊಂಡು ಹೋದೆ. ಅವರೇ ಕೈ ತೋರಿಸಿ ಅಲ್ಲಿಗೆ ನಡಿ ಅಂದಿದ್ದರು. ಯಾವ ಕಾಲದಲ್ಲೋ ಯಾರೋ ಆ ಗಿಡಕ್ಕೆ ಒಂದು ತಗಡಿನ ಬೋರ್ಡು ಹೊಡೆದಿದ್ದರು. ಈಗ ಅದರ ಅರ್ಧ ಗಿಡದ ಒಳಗಿದೆ. ಸುತ್ತಲೂ ತೊಗಟೆ ದಪ್ಪ ತುಟಿಯ ಹಾಗೆ ಉಬ್ಬಿ ತಗಡನ್ನು ನುಂಗಿದೆ. ಹೊರಗೆ ಉಳಿದ ಮೂಲೆಯಲ್ಲಿ ಎರಡೇ ಅಕ್ಷರ ಕಾಣುತ್ತವೆ. ಅಪ್ಪ ಆ ಉಬ್ಬಿನ ಮೇಲೆ ಬೆರಳಾಡಿಸಿದರು. ಗಿಡಕ್ಕೆ ಗಾಯವಾದರೆ ಅದು ಮೊದಲಿನ ಹಾಗೆ ಆಗುವುದಿಲ್ಲ, ಅಂಚಿನಿಂದ ಹೊಸ ಕಟ್ಟಿಗೆ ಹೊರಳಿ ಬಂದು ಮುಚ್ಚುತ್ತದೆ ಅಂತ ಬಿಟ್ಟು ಬಿಟ್ಟು ಹೇಳಿದರು.

ಆ ಮೂಲೆಯಿಂದಲೇ ನನಗೆ ಗುಡಿ ಸಿಕ್ಕಿತು. ಎಳೆ ಮರದ ಕಾಂಡಕ್ಕೆ ಒಂದೊಂದೇ ಕಲ್ಲಿನ ಹಲಗೆ ಸಿಗಿಸುತ್ತಾ ಹೋದರೆ? ನೂರಾರು ವರ್ಷದಲ್ಲಿ ಮರ ಅದನ್ನು ಅರ್ಧ ನುಂಗಿದರೆ? ಅದೇ ಮೆಟ್ಟಿಲು. ಯಾರೂ ಕಟ್ಟಿದ್ದಲ್ಲ. ಕಲ್ಲು ಇಟ್ಟವನು ಆ ಮೆಟ್ಟಿಲು ಹತ್ತಿರುವುದಿಲ್ಲ, ಅವನ ಮೊಮ್ಮಗನ ಮೊಮ್ಮಗ ಹತ್ತಿರುತ್ತಾನೆ. ಮೇಘಾಲಯದಲ್ಲಿ ಖಾಸಿ ಜನ ಬೇರಿನ ಸೇತುವೆ ಬೆಳೆಸುವುದು ಹೀಗೇ. ಅತ್ತಿ ಜಾತಿಯ ಮರದ ಬೇರನ್ನು ಹಳ್ಳದ ಆಚೆ ದಡದವರೆಗೆ ದಾರಿ ತೋರಿಸಿ ಕರೆದುಕೊಂಡು ಹೋಗುತ್ತಾರೆ. ಜನರ ಭಾರ ಹೊರಲು ಅದಕ್ಕೆ ಹತ್ತಾರು ವರ್ಷ ಬೇಕು.

ಚಿತ್ರ ಆಮೇಲೆ ಬರೆಯೋಣ, ಮೊದಲು ಕಟ್ಟಿಗೆಯಲ್ಲಿ ಮಾಡಿ ನೋಡೋಣ ಅಂತ ಅಪ್ಪನಿಗೆ ಹೇಳಿದೆ. ಅವರು ತಲೆ ಆಡಿಸಿದರು.

ಕಟ್ಟಿಗೆ ಅಡ್ಡೆಯ ಅಣ್ಣನಿಗೆ ಮೊದಲ ಶರಣು. ಟೊಳ್ಳು ಬೊಡ್ಡೆ ಬೇಕು ಅಂದಾಗ ಅವರು ಏನು, ಯಾಕೆ ಅಂತ ಕೇಳಲಿಲ್ಲ. ಇಡೀ ಅಡ್ಡೆ ಹುಡುಕಿ ಸಿಡಿಲು ಬಡಿದು ಒಳಗೆ ಪೊಳ್ಳಾದ ಬೇವಿನ ಬೊಡ್ಡೆ ತೆಗೆದುಕೊಟ್ಟರು. "ನಿಮ್ಮಪ್ಪ ನನ್ನ ಮಗಳ ತೊಟ್ಟಿಲು ಮಾಡ್ಯಾರ" ಅಂದರು, ರೊಕ್ಕ ಮುಟ್ಟಲಿಲ್ಲ. ಅದನ್ನು ಟಂಟಂನಲ್ಲಿ ಹಾಕಿಕೊಂಡು ಬಂದ ತಮ್ಮ ಬಾಗಿಲವರೆಗೆ ಹೊತ್ತು ತಂದಿಟ್ಟ. ಅವನಿಗೂ ಶರಣು.

ಟೊಳ್ಳು ಮರ ಬದುಕುವುದಾದರೂ ಹೇಗೆ ಅಂತ ನನಗೆ ಮೊದಲಿಂದ ಅನುಮಾನ ಇತ್ತು. ಅಪ್ಪ ಬೊಡ್ಡೆಯ ಕೊಯ್ದ ಮುಖ ತೋರಿಸಿ ಬಿಡಿಸಿ ಹೇಳಿದರು. ನಡುವಿನ ಕಪ್ಪು ಕೆಚ್ಚು ಸತ್ತ ಕಟ್ಟಿಗೆ. ಗಿಡವನ್ನು ನಿಲ್ಲಿಸೋದು ಅಷ್ಟೇ ಅದರ ಕೆಲಸ. ನೀರು ಹರಿಯುವುದು ಹೊರಗಿನ ಬಿಳಿ ಕಟ್ಟಿಗೆಯಲ್ಲಿ. ಜೀವ ಬೆಳೆಯುವುದು ತೊಗಟೆಯ ಒಳಗಿನ ತೆಳ್ಳನೆಯ ಪದರದಲ್ಲಿ. ನಡು ಕೊಳೆತು ಹೋದರೂ ಗಿಡ ಚಿಗುರುತ್ತದೆ. ತೊಗಟೆಯನ್ನು ಸುತ್ತಲೂ ಉಂಗುರದ ಹಾಗೆ ಸುಲಿದರೆ ಮಾತ್ರ ಸಾಯುತ್ತದೆ. ಹಾಗಾಗಿ ನಮ್ಮ ಗುಡಿಗೆ ಒಂದು ಕಟ್ಟುನಿಟ್ಟು ಮಾಡಿಕೊಂಡೆವು. ಯಾವ ಕಿಟಕಿಯೂ ಸಾಲಾಗಿ ಸುತ್ತು ಬರಬಾರದು. ಪ್ರತಿ ಬಾಗಿಲಿಗೂ ಉಬ್ಬಿದ ತುಟಿ ಇರಬೇಕು.

ಕೆಲಸ ಶುರುವಾಯಿತು. ಅಪ್ಪ ಎಡಗೈಯಲ್ಲಿ ಉಳಿ ಹಿಡಿದು ಜಾಗ ತೋರಿಸುತ್ತಿದ್ದರು, ಕೊಡತಿ ನನ್ನ ಕೈಯಲ್ಲಿ. "ಮೆತ್ತಗ", "ಈಗ ಹೊಡಿ", "ನಿಲ್ಲು". ಮೊದಲ ತಿಂಗಳು ಇಷ್ಟೇ ಮಾತು.

ಫಿಸಿಯೋಥೆರಪಿಗೆ ಬರುತ್ತಿದ್ದ ಅಕ್ಕ ಇದನ್ನು ನೋಡಿ ತಮ್ಮ ರಬ್ಬರ್ ಚೆಂಡನ್ನು ಚೀಲದಲ್ಲಿಟ್ಟರು. ಅಪ್ಪನ ಬಲಗೈಗೆ ಪಾಲಿಶ್ ಕಾಗದ ಸುತ್ತಿದ ಕಟ್ಟಿಗೆ ತುಂಡು ಕೊಟ್ಟು, ಮೇಲೆ ತಮ್ಮ ಕೈ ಇಟ್ಟು, ಬೊಡ್ಡೆಯ ಮೇಲೆ ಹಿಂದೆ ಮುಂದೆ ಆಡಿಸಿದರು. ಒಂದು ಕೆಲಸವನ್ನು ನೂರು ಸಲ, ಸಾವಿರ ಸಲ ಮಾಡಿಸಿದರೆ ಮೆದುಳು ಹೊಸ ದಾರಿ ಹುಡುಕುತ್ತದೆ ಅಂತ ಹೇಳುತ್ತಿದ್ದರು. ಚೆಂಡು ಹಿಚುಕು ಅಂದರೆ ಮುಖ ತಿರುಗಿಸುತ್ತಿದ್ದ ಅಪ್ಪ, ಈ ಕೆಲಸಕ್ಕೆ ಅಕ್ಕ ಬರುವ ಮುಂಚೆಯೇ ತಯಾರಾಗಿ ಕೂತಿರುತ್ತಿದ್ದರು. ಈಗ ಅವರ ಬಲಗೈ ಲೋಟ ಹಿಡಿಯುತ್ತದೆ. ಅಕ್ಕ, ಗುಡಿಯ ಕೆಳಗಿನ ಮೊಗಸಾಲೆ ನುಣ್ಣಗಾದದ್ದು ಪೂರ್ತಿ ಆ ಕೈಯಿಂದ. ಅದಕ್ಕೆ ನಾನು ಕೈ ಹಚ್ಚಿಲ್ಲ. ನಿಮ್ಮ ಋಣ ದೊಡ್ಡದು.

ಆಯಿಯ, ಅಂದರೆ ನಮ್ಮಜ್ಜಿಯ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ಡ್ರೂಯಿಡ್ ಅಂದರೆ ಯಾರು ಅಂತ ಒಂದು ಸಂಜೆ ಕೇಳಿದರು. ಹಳೇ ಗಾಲ್ (ಈಗಿನ ಫ್ರಾನ್ಸ್ ಕಡೆ), ಬ್ರಿಟನ್, ಐರ್ಲೆಂಡ್ ಕಡೆಯ ಕೆಲ್ಟಿಕ್ ಜನರ ಪೂಜಾರಿಗಳು, ಗುರುಗಳು ಅಂದೆ. ತಮ್ಮ ವಿದ್ಯೆಯನ್ನು ಬರೆದಿಡುತ್ತಿರಲಿಲ್ಲ. ಪದ್ಯಗಳನ್ನು ಬಾಯಿಪಾಠ ಮಾಡುತ್ತಾ ಕೆಲವರು 20 ವರ್ಷ ಕಲಿಯುತ್ತಿದ್ದರು ಅಂತ ಜೂಲಿಯಸ್ ಸೀಸರ್ ಬರೆದಿದ್ದಾನೆ. ಅವರ ಪೂಜೆ ನಡೆಯುತ್ತಿದ್ದದ್ದು ಕಾಡಿನ ತೋಪುಗಳಲ್ಲಿ. ಅಂಥ ಜಾಗಕ್ಕೆ ನೆಮೆಟಾನ್ ಅನ್ನುತ್ತಿದ್ದರು. ಮರದೊಳಗಿನ ಗುಡಿ ನಮ್ಮ ಕಾಲದ ಫ್ಯಾಂಟಸಿ ಕಥೆಗಾರರು ಆ ತೋಪಿನಿಂದ ಬೆಳೆಸಿದ ಕಲ್ಪನೆ. ಓಕ್ ಮರದ ಮೇಲೆ ಬಂದಳಿಕೆ ಬೆಳೆದರೆ, ಚಂದ್ರನ ಆರನೇ ದಿನ, ಬಿಳಿ ಬಟ್ಟೆ ಉಟ್ಟ ಪೂಜಾರಿ ಮರ ಹತ್ತಿ ಚಿನ್ನದ ಕುಡುಗೋಲಿನಿಂದ ಕೊಯ್ಯುತ್ತಿದ್ದ ಅಂತ ರೋಮಿನ ಪ್ಲಿನಿ ಬರೆದದ್ದನ್ನೂ ಹೇಳಿದೆ.

"ಷಷ್ಠಿ ದಿನ" ಅಂದರು ಆಯಿ. ಆಮೇಲೆ, "ಬಂದಳಿಕಿ ಗಿಡದ ರಸ ಕುಡೀತದ. ಅದಕ್ಯಾಕ ಪೂಜಿ?" ಅಂತ ಕೇಳಿದರು. ಚಳಿಗಾಲಕ್ಕೆ ಓಕ್ ಎಲೆಯೆಲ್ಲ ಉದುರಿ ಬೋಳಾಗುತ್ತದೆ, ಆಗ ಬಂದಳಿಕೆ ಒಂದೇ ಹಸಿರಾಗಿ ಉಳಿಯುತ್ತದೆ, ಮರದ ಜೀವ ಅದರಲ್ಲಿದೆ ಅಂತ ನಂಬಿದ್ದರು ಎನ್ನುತ್ತಾರೆ ಅಂದೆ. ಆಯಿ ಏನೂ ಹೇಳಲಿಲ್ಲ. ಎಳ್ಳಮಾಸಿಗೆ ಹೊಲಕ್ಕೆ ಹೋದಾಗ ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮಾಡಿ, ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಭಜ್ಜಿ ಉಂಡು ಬರುವಾಗ ಸೆರಗಿನಲ್ಲಿ ಏನೋ ಕಟ್ಟಿಕೊಂಡು ಬಂದರು. ಬದುವಿನ ಮಾವಿನ ಗಿಡದ ಬಂದಳಿಕೆ. ನಮ್ಮ ಗುಡಿಯ ನೆತ್ತಿಯ ಮೇಲೆ ಈಗ ಇರುವುದು ಅದೇ ಟೊಂಗೆ, ಒಣಗಿಸಿ ವಾರ್ನಿಷ್ ಹಚ್ಚಿದ್ದು.

ಪ್ಲಿನಿ ಹೇಳಿದ ಪೂಜೆಯಲ್ಲಿ ಎರಡು ಬಿಳಿ ಹೋರಿಗಳ ಬಲಿಯೂ ಇದೆ. ಅದನ್ನು ನಾನು ಗುಡಿಯಲ್ಲಿ ತರಲಿಲ್ಲ. ಎತ್ತಿನ ಕೊರಳಿಗೆ ಗೆಜ್ಜೆ ಕಟ್ಟುವ ಆಯಿಯ ಮುಂದೆ ಅದನ್ನು ಇಡಲು ಮನಸ್ಸು ಬರಲಿಲ್ಲ.

ಚಿತ್ತಾಪುರದ ಮಾಮಾ ಒಂದು ದಿನ ಅಪ್ಪನನ್ನೂ ನನ್ನನ್ನೂ ಕಾರಿನಲ್ಲಿ ಸನ್ನತಿಗೆ ಕರೆದುಕೊಂಡು ಹೋದರು. ಅಪ್ಪ ಮನೆ ಬಿಟ್ಟು ದೂರ ಹೋದದ್ದು ಆಗಲೇ ಮೊದಲು. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದು, ಮೂರ್ತಿಯ ಕೆಳಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕ ಜಾಗ ಅದು. ಹತ್ತಿರದಲ್ಲೇ ಕನಗನಹಳ್ಳಿ. ಅಲ್ಲಿನ ಸ್ತೂಪದ ಕಲ್ಲುಗಳಲ್ಲಿ "ರಾಯ ಅಸೋಕೋ" ಅಂತ ಹೆಸರು ಬರೆದ ಅರಸನ ಶಿಲ್ಪವಿದೆ, ಬೋಧಿ ಮರದ ಪೂಜೆಯೂ ಇದೆ. ಅಪ್ಪ ಆ ಮರದ ಮುಂದೆಯೇ ನಿಂತುಬಿಟ್ಟರು, ಅಂದರೆ ಕುರ್ಚಿಯಲ್ಲಿ. ಮರದ ಬುಡದಲ್ಲಿ ಪೀಠ ಇದೆ, ಅದರ ಮೇಲೆ ಯಾರೂ ಇಲ್ಲ. "ಗಿಡಕ್ಕೇ ಕೈ ಮುಗದಾರ" ಅಂದರು. ಮನೆಗೆ ಬಂದ ರಾತ್ರಿಯೇ ನನ್ನ ಚಿತ್ರದ ದೇವಿಯ ಮೂರ್ತಿ ತೆಗೆದೆ. ಒಂದು ಖಾಲಿ ಪೀಠ ಇಟ್ಟೆ. ಗುಡಿಗೆ ಉಸಿರು ಬಂದದ್ದು ಆವತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಮಾಮಾ, ಪೆಟ್ರೋಲ್ ರೊಕ್ಕವನ್ನೂ ನೀವು ತಗೊಳ್ಳಲಿಲ್ಲ.

ನಡುವೆ ಒಂದು ಕೆಟ್ಟ ಮಳೆಗಾಲ ಬಂತು. ಬೇಗ ಮುಗಿಸಬೇಕು ಅಂತ ನಾನು ಮೇಲಿನ ಅಂತಸ್ತಿನ ನೆಲ, ಕಟಕಟೆ, ಅರ್ಧ ಮೆಟ್ಟಿಲು ಎಲ್ಲ ಪ್ಲೈವುಡ್‌ನಲ್ಲಿ ಮಾಡಿದ್ದೆ. ಬೇಡ ಅಂತ ಅಪ್ಪ ಹೇಳಿದ್ದರು. ಗೋಡೆ ಸೋರಿ ಮೂಲೆ ಹಸಿಯಾಯಿತು. ಒಂದು ಬೆಳಿಗ್ಗೆ ಕಟಕಟೆ ಮುಟ್ಟಿದರೆ ಬೆರಳು ಒಳಗೆ ಹೋಯಿತು. ಮೇಲೆ ಹಾಳೆಯಷ್ಟು ತೆಳ್ಳನೆ ಸಿಪ್ಪೆ, ಒಳಗೆಲ್ಲ ಒರಲಿ ಮಣ್ಣು. ಎಂಟು ತಿಂಗಳ ಕೆಲಸ. ಬೇವಿನ ಬೊಡ್ಡೆಯನ್ನು ಮಾತ್ರ ಮುಟ್ಟಿರಲಿಲ್ಲ. ನಾನು ನೆಲದ ಮೇಲೆ ಕೂತು ಅತ್ತೆ. ಅವ್ವ ಬಂದು ಏನೂ ಹೇಳದೆ ಪೊರಕೆ ತಗೊಂಡು ಮಣ್ಣೆಲ್ಲ ಗುಡಿಸಿ, ಚಹಾ ಮಾಡಿ ತಂದಿಟ್ಟು, ಪಕ್ಕದಲ್ಲಿ ಕೂತಳು. ಅವ್ವನ ಬಗ್ಗೆ ಬರೆಯಲು ನನಗೆ ಮಾತು ಸಾಲದು. ಈ ಎರಡು ವರ್ಷ ನಮ್ಮಿಬ್ಬರನ್ನೂ ಹೊತ್ತವಳು ಅವಳೇ.

ಆಗ ಭಾನುವಾರದ ನನ್ನ ಗೆಳೆಯ ಗೆಳತಿಯರು ಕೈ ಹಚ್ಚಿದರು. ಫ್ಯಾಂಟಸಿ ಆಟ ಆಡಲು ನಾವು ಐದು ಜನ ಸೇರುತ್ತೇವೆ. ನಾಲ್ಕು ತಿಂಗಳು ದಾಳ ಪಕ್ಕಕ್ಕಿಟ್ಟು ಎಲ್ಲರೂ ನಮ್ಮನೆಗೇ ಬಂದರು. ಶಹಾಬಾದ್ ಪರಸಿಯ ಚೂರುಗಳನ್ನು ಅರೆದು ಅರೆದು ಉಗುರಿನಷ್ಟು ಹಲಗೆ ಮಾಡಿದರು. 64 ಮೆಟ್ಟಿಲು. ಒಂದೊಂದರ ಸುತ್ತಲೂ ಕಟ್ಟಿಗೆ ಪುಡಿ, ಅಂಟು ಕಲಸಿ ಮರ ನುಂಗಿದ ತುಟಿ ಮಾಡಿದರು. ಅವರಲ್ಲೊಬ್ಬಳು ಫ್ರಾನ್ಸಿನ ಅಲ್ಲೂವಿಲ್‌ನ ಓಕ್ ಮರದ ಚಿತ್ರ ತಂದು ಗೋಡೆಗೆ ಅಂಟಿಸಿದಳು. 17ನೇ ಶತಮಾನದಲ್ಲಿ ಅದರ ಟೊಳ್ಳಿನೊಳಗೆ ಪೂಜಾಸ್ಥಳ ಮಾಡಿದರು, ಈಗ ಎರಡಿವೆ, ಒಂದರ ಮೇಲೊಂದು. ಹೊರಗೆ ಸುತ್ತಿಕೊಂಡು ಮೆಟ್ಟಿಲು. ತೊಗಟೆ ಹೋದ ಕಡೆ ಕಟ್ಟಿಗೆಯ ಬಿಲ್ಲೆ ಹೊದಿಸಿದ್ದಾರೆ, ಊರುಗೋಲು ಕೊಟ್ಟಿದ್ದಾರೆ. ಆದರೂ ಚಿಗುರುತ್ತದೆ. ಅಪ್ಪ ಆ ಚಿತ್ರವನ್ನು ತಮ್ಮ ಮಂಚದಿಂದ ಕಾಣುವ ಜಾಗಕ್ಕೆ ಬದಲಿಸಿ ಅಂದರು.

ಕೊನೆಗೆ ಬೀದರಿನ ಚಾಚಾ. ಗುಡಿಯ ನಡುವೆ ಒಂದು ಕೊಳ ಇದೆ. ಟೊಳ್ಳು ಮರದಲ್ಲಿ ಮಳೆ ನೀರು ನಿಲ್ಲುತ್ತದಲ್ಲ, ಹಾಗೆ. ಗಾಜು ಹಾಕಿದೆ, ರಾಳ ಸುರಿದೆ, ಸರಿ ಬರಲಿಲ್ಲ. ಬಿದ್ರಿ ಕೆಲಸದ ಕಪ್ಪು ನೆನಪಾಗಿ ಬೀದರಿಗೆ ಹೋದೆ. ಚಾಚಾ ನನ್ನ ಚಿತ್ರವನ್ನು ಬಹಳ ಹೊತ್ತು ನೋಡಿದರು. ನೀರಿನಲ್ಲಿ ಚಂದ್ರ ಬೇಕು ಅಂದೆ. "ಕಿತ್ನೇ ದಿನ್ ಕಾ ಚಾಂದ್ ಹೋನಾ ಬೇಟಾ?" ಅಂದರು. ಎಷ್ಟನೇ ದಿನದ ಚಂದ್ರ ಬೇಕು ಅಂತ. ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಆರನೇ ದಿನದ್ದು ಅಂದೆ.

ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಬಿಲ್ಲೆ, ಅಂಗೈಗಿಂತ ಚಿಕ್ಕದು. ಉಳಿಯ ಮೊನೆಯಿಂದ ಅದರಲ್ಲಿ ಗೀರು ಕೊರೆದು, ಬೆಳ್ಳಿ ತಂತಿ ಕೂರಿಸಿ ಬಡಿದರು. ಉಜ್ಜಿ ಸಮ ಮಾಡಿದಾಗ ಎರಡೂ ಒಂದೇ ಬಣ್ಣ, ಚಂದ್ರ ಕಾಣುತ್ತಲೇ ಇರಲಿಲ್ಲ. ಆಮೇಲೆ ಬಿಸಿ ಮಾಡಿ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರಿನ ಲೇಪ ಹಚ್ಚಿದರು. ಲೋಹ ಕಪ್ಪಾಗುತ್ತಾ ಹೋಯಿತು, ಬೆಳ್ಳಿ ಹಾಗೇ ಉಳಿಯಿತು. ಅವರು ಬಟ್ಟೆಯಿಂದ ಒರೆಸಿದಾಗ ಕಪ್ಪು ನೀರಿನಲ್ಲಿ ಷಷ್ಠಿಯ ಚಂದ್ರ ಎದ್ದು ಬಂದ. ನನ್ನ ಕೈ ನಡುಗಿತು. ಮೇಲಿಂದ ಹಿತ್ತಾಳೆ ಚೂರೊಂದನ್ನು ಬಡಿದು ಕಿರುಬೆರಳುಗುರಿನಷ್ಟು ಕುಡುಗೋಲೂ ಮಾಡಿಕೊಟ್ಟರು. ಚಾಚಾ, ಅದನ್ನು ಬಂದಳಿಕೆಯ ಪಕ್ಕವೇ ತೂಗು ಹಾಕಿದ್ದೇವೆ.

ಗೇಮ್‌ನ ಚಿತ್ರವೂ ಈ ಮಾದರಿ ನೋಡಿಯೇ ಮುಗಿಯಿತು, ಅವರು ಒಪ್ಪಿದರು. ಇಷ್ಟು ದಿನ ಕಾದ ಅವರಿಗೂ ಶರಣು.

ಗುಡಿ ನಮ್ಮ ಪಡಸಾಲೆಯಲ್ಲೇ ಇದೆ. ಮುಂಬಾಗಿಲಿನ ಕದ ಮಾತ್ರ ಇನ್ನೂ ಕೂರಿಸಿಲ್ಲ. ಅದರ ಎರಡು ಸಣ್ಣ ಕೀಲುಗಳಿಗೆ ಮೊಳೆ ತಾನೇ ಹೊಡೆಯುತ್ತೇನೆ, ಬಲಗೈಯಿಂದ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಅಂತ ಅಪ್ಪ ಹೇಳಿದ್ದಾರೆ. ಭಾನುವಾರ ಸಂಜೆ ಐದರ ಮೇಲೆ ಎಲ್ಲರೂ ಮನೆಯಲ್ಲೇ ಇರುತ್ತೇವೆ, ಬನ್ನಿ. ಕೊಳದ ಚಂದ್ರನನ್ನು ನೋಡದೆ ಹೋಗಬೇಡಿ. ನೆಲಕ್ಕೆ ಕೂತು, ತೆರೆದ ಬಾಗಿಲಲ್ಲಿ ಬಗ್ಗಿ ನೋಡಬೇಕು.