ಒಥೆಲೊ ನಮ್ಮೂರಿನ ತೆಯ್ಯಂ ಆದಾಗ

ಮಾನ್ಯರೇ,

ಷೇಕ್ಸ್‌ಪಿಯರನ ‘ಒಥೆಲೊ’ ನಾಟಕ ಆಧರಿಸಿದ ಎರಡು ಸಿನಿಮಾಗಳನ್ನು, 1997ರ ಮಲಯಾಳದ ‘ಕಳಿಯಾಟ್ಟಂ’ ಮತ್ತು 2006ರ ಹಿಂದಿಯ ‘ಓಂಕಾರ’, ಮಗಳ ಜೊತೆ ಕೂತು ಮತ್ತೆ ನೋಡಿದೆ. ನಾಟಕದಲ್ಲಿ ಹೆಂಡತಿಯ ಕರವಸ್ತ್ರ ಬೇರೊಬ್ಬನ ಕೈಲಿ ಕಂಡು ಒಥೆಲೊ ಸಂಶಯದಿಂದ ಅವಳನ್ನೇ ಕೊಲ್ಲುತ್ತಾನೆ. ಒಂದು ಕರವಸ್ತ್ರಕ್ಕಾಗಿ ಕೊಲೆ ಮಾಡ್ತಾರಾ ಅಂತ ಅವಳು ನಾಟಕ ಓದಿದಾಗ ಕೇಳಿದ್ದಳು. ಹಿಂದಿಯಲ್ಲಿ ಆ ಕರವಸ್ತ್ರದ ಬದಲು ಮನೆತನದ ಸೊಂಟಪಟ್ಟಿ, ಮಲಯಾಳದಲ್ಲಿ ರೇಷ್ಮೆ ವಸ್ತ್ರ. ಈ ಸಲ ಅವಳು ಆ ಪ್ರಶ್ನೆ ಕೇಳಲಿಲ್ಲ.

‘ಓಂಕಾರ’ದ ಓಟ ಜಾಸ್ತಿ, ಅವಳಿಗೆ ಅದೇ ಇಷ್ಟ. ನನಗೆ ‘ಕಳಿಯಾಟ್ಟಂ’. ಅದರ ನಾಯಕ, ದೈವದ ವೇಷ ಕಟ್ಟಿ ಕುಣಿಯುವ ತೆಯ್ಯಂ ಆರಾಧನೆಯ ಕಲಾವಿದ. ಮುಖಕ್ಕೆ ಬಣ್ಣ ಬರೆದು ತಲೆಗೆ ಮುಡಿ (ಕಿರೀಟ) ಏರಿಸಿದ ಕೂಡಲೇ ಊರಿಗೆ ಊರೇ ಕೈಮುಗಿಯುವ, ಬಣ್ಣ ತೊಳೆದ ಮೇಲೆ ಜಾತಿ ನೋಡಿ ದೂರ ನಿಲ್ಲಿಸುವ ತೆಯ್ಯಂ ಕಲಾವಿದನನ್ನು ಕಾಸರಗೋಡಿನವರಾದ ನಾವು ಕಣ್ಣಾರೆ ಕಂಡಿದ್ದೇವೆ ಅಲ್ವಾ? ಯುದ್ಧಕ್ಕೆ ಬೇಕು, ಮನೆಯ ಅಳಿಯನಾಗಿ ಬೇಡ ಎನಿಸಿಕೊಂಡ ಕಪ್ಪು ಸೇನಾಪತಿ ಒಥೆಲೊನ ನೋವೂ ಅದೇ. ಇಲ್ಲಿನ ಕನ್ನಡ ಶಾಲೆಗಳಲ್ಲಿ ‘ಕಳಿಯಾಟ್ಟಂ’ ಸಿನಿಮಾವನ್ನು ಕನ್ನಡ ಸಬ್‌ಟೈಟಲ್ ಹಾಕಿ ತೋರಿಸಲಿ.

– ಓದುಗ, ಕುಂಬಳೆ